ಖಾನಾವಳಿ ರೊಟ್ಟಿ ಯಾಕೆ ಒಡೀತು?

ಒಂದು ಊಟಕ್ಕೆ 140 ರೂಪಾಯಿ. ಮೂರು ಜನಕ್ಕೆ 420. ಬಾಗಿಲಲ್ಲಿ ದೊಡ್ಡ ಬೋರ್ಡು: 'ಉತ್ತರ ಕರ್ನಾಟಕದ ಜೋಳದ ರೊಟ್ಟಿ ಊಟ'. ಒಳಗೆ ತಾಟಿನಲ್ಲಿ ಬಂದದ್ದು ಎರಡು ರೊಟ್ಟಿ, ಒಂದು ಚಪಾತಿ, ಬದನೀಕಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಅನ್ನ, ಸಾರು. ಎಣಿಸಿದರೆ ಯಾವುದೂ ಕಡಿಮೆ ಇರಲಿಲ್ಲ. ಆದರೆ ರೊಟ್ಟಿ ಮುರಿದ ಕೂಡಲೇ ಗೊತ್ತಾಯಿತು. ಅಂಚು ಸೀಳಿತ್ತು, ಬಣ್ಣ ಬೂದಿ. ಮಡಚಿದರೆ ಹಪ್ಪಳದ ಹಾಗೆ ಎರಡು ತುಂಡು. ಬಾಯಿಗಿಟ್ಟರೆ ಹಿಂದೆ ಸಣ್ಣ ಕಹಿ.

ಇದು ನಡೆದದ್ದು 2025ರ ಜನವರಿಯಲ್ಲಿ. ದಕ್ಷಿಣ ಕನ್ನಡದ ಅಡಿಕೆ ಕೃಷಿಕರೊಬ್ಬರು ಪತ್ನಿ ಸಮೇತ ನಮ್ಮ ಕಡೆ ಹೊಲ ನೋಡಲು ಬಂದಿದ್ದರು. ಅವರಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಸುಮಾರು 600. ಇಷ್ಟರಲ್ಲೇ ಏನು ಬೆಳೆಯುತ್ತೀರಿ ಅಂತ ನೋಡುವ ಆಸೆ ಅವರಿಗೆ. ನಮ್ಮ ಮನೆಯಾಕಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಬಸ್ಸು ಇಳಿಯುವಾಗ ರಾತ್ರಿ ಎಂಟು. ಅಲ್ಲೇ ತಾಲೂಕಿನ ಊರಲ್ಲಿ ಊಟ ಮುಗಿಸಿ ಹಳ್ಳಿಗೆ ಹೋಗೋಣ ಅಂತ ರಸ್ತೆ ಬದಿಯ ಖಾನಾವಳಿಗೆ ಹೋದೆವು. ಹೆಸರು ಬರೆಯುವುದಿಲ್ಲ. ಹೆಸರಿನಿಂದ ಉಪಯೋಗವೂ ಇಲ್ಲ, ಇಂಥವು ರಸ್ತೆ ತುಂಬಾ ಇವೆ.

ಅವರಿಬ್ಬರೂ ಜೋಳದ ರೊಟ್ಟಿ ತಿಂದದ್ದು ಅದೇ ಮೊದಲು. ಪುಣ್ಯಾತ್ಮರು, ಮುಖ ಕೆಡಿಸಲಿಲ್ಲ. 'ಸ್ವಲ್ಪ ಗಟ್ಟಿ ಅಲ್ವಾ ಮಾರಾಯ್ರೆ' ಅಂದರು ಅವರು. ಅವರ ಪತ್ನಿ, 'ಇದು ಶುಗರಿಗೆ ಒಳ್ಳೇದಂತೆ. ಮದ್ದು ಅಂತ ತಿನ್ನಬಹುದು' ಅಂದರು. ಇಬ್ಬರೂ ಅರ್ಧ ರೊಟ್ಟಿ ಬಿಟ್ಟು ಅನ್ನಕ್ಕೆ ಹೋದರು.

ಮದ್ದು ಅನ್ನುವ ಮಾತು ನನಗೆ ನೆಟ್ಟಿತು. ನಮ್ಮದು ಡೋಣಿ ಹೊಳೆಯ ಬದಿಯ ಎರಿ ಭೂಮಿ. 'ಡೋಣಿ ಹರಿದರೆ ಓಣಿಯೆಲ್ಲಾ ಜೋಳ' ಅಂತ ಗಾದೆಯೇ ಇದೆ. ಹೊಳೆ ನೀರು ಉಪ್ಪು, ಕುಡಿಯಲಿಕ್ಕೆ ಬರೋದಿಲ್ಲ. ಆದರೆ ಆ ಮಣ್ಣಲ್ಲಿ ಬೆಳೆದ ಬಿಳಿಜೋಳಕ್ಕೆ ಅಪ್ಪನ ಕಾಲದಲ್ಲಿ ದೂರದ ಊರಿಂದ ಬಂದು ಚೀಲ ಹೊರುತ್ತಿದ್ದರು. ಅಂಥ ಜೋಳವನ್ನು, ಬೆಳೆದವನ ಊರಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ, ನೆಂಟರು ಮದ್ದಿನ ಹಾಗೆ ನುಂಗುವುದು ಅಂದರೆ?

ಉಳಿದ ಪದಾರ್ಥದ ಬಗ್ಗೆ ಎರಡೇ ಮಾತು. ಬದನೀಕಾಯಿ ದೊಡ್ಡವು, ಹೆಚ್ಚಿ ಕೆಂಪು ಮಸಾಲೆಯಲ್ಲಿ ಮುಳುಗಿಸಿದ್ದರು. ಪಕ್ಕದ ಟೇಬಲಿನ ಪನ್ನೀರಿಗೂ ಅದೇ ಮಸಾಲೆ. ಎಣಗಾಯಿಗೆ ಎಳೆಯ ಸಣ್ಣ ಕಾಯಿ ಬೇಕು, ನಾಲ್ಕು ಸೀಳು ಮಾಡಿ ಶೇಂಗಾ, ಗುರೆಳ್ಳು, ಒಣಕೊಬ್ಬರಿ ತುಂಬಬೇಕು. ಜನವರಿಯಲ್ಲಿ ನಮ್ಮ ಹೊಲದ ತುಂಬ ಹಕ್ಕರಕಿ, ಹಸಿ ಕಡ್ಲಿ, ಮೂಲಂಗಿ ಇರುತ್ತವೆ. ತಾಟಿನಲ್ಲಿ ಇದ್ದದ್ದು ಹೆರೆದ ಕೋಸುಗಡ್ಡೆ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಹೊಲಕ್ಕೆ ಕರೆದುಕೊಂಡು ಹೋದೆ. ತೆನೆ ಹಾಲುಗಟ್ಟಿ ಸೀತನಿಗೆ ಬಂದಿತ್ತು. ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ತೂರಿ, ಬೆಲ್ಲ ಮತ್ತು ಹಿಂಡಿ ಜೊತೆ ಕೊಟ್ಟೆ. ಇಬ್ಬರೂ ಎರಡೆರಡು ಬೊಗಸೆ ತಿಂದರು. ಮಧ್ಯಾಹ್ನ ನಮ್ಮ ತಮ್ಮನ ಹೆಂಡತಿ ಬಿಸಿ ರೊಟ್ಟಿ ಬಡಿದು ಹಾಕಿದಳು. ಆಕೆ ಮೂರನೆಯದು ಹಾಕುವಾಗ ಯಾರೂ ಬೇಡ ಅನ್ನಲಿಲ್ಲ. 'ನಿನ್ನೆ ತಿಂದದ್ದೂ ಇದೇ ಜೋಳವಾ?' ಅಂತ ಆ ತಾಯಿ ಕೇಳಿದರು. ಅಲ್ಲ ಅಂದೆ. ಹಾಗಾದರೆ ಅದು ಯಾವುದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಊರಿಗೆ ಹೋದ ಮೇಲೆ ಒಂದು ದಿನ ಸಂತೆಗೆ ಹೋದವನು ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿ ಇಲ್ಲದ ಹೊತ್ತು ನೋಡಿ, ಖಾನಾವಳಿ ಹಿಂದಿನ ಬಾಗಿಲಿಗೆ ಹೋದೆ.

ರೊಟ್ಟಿ ಬಡಿಯುವಾಕಿ ಹೇಳಿದ್ದು

ಅಲ್ಲಿ ಐವತ್ತರ ಹತ್ತಿರದ ಹೆಣ್ಣುಮಗಳು ರೊಟ್ಟಿ ಬಡಿಯುತ್ತಾಳೆ. ದಿನಕ್ಕೆ ಇನ್ನೂರು ರೊಟ್ಟಿ. ನಾನು ಊಟದ ವಿಷಯ ಎತ್ತಿದ್ದೇ ತಡ, 'ಅಣ್ಣಾರ, ಹಿಟ್ಟಿನಾಗ ಜಿಗಿನ ಇಲ್ಲ, ನಾ ಏನ್ ಮಾಡ್ಲಿ? ಎಷ್ಟು ನಾದಿದ್ರೂ ಕೈಯಾಗ ಉದುರತೈತಿ' ಅಂದಳು. ಹಿಟ್ಟಿನ ಡಬ್ಬಿ ತೆರೆದು ತೋರಿಸಿದಳು. ಮೂಸಿದೆ. ಹಳೇ ಎಣ್ಣೆಯ ವಾಸನೆ.

ಕೇಳುತ್ತಾ ಹೋದಂತೆ ಎಲ್ಲ ಹೊರಬಿತ್ತು. ಮಾಲಕ ತರುವುದು ಮುಂಗಾರಿ ಹೈಬ್ರಿಡ್ ಜೋಳ, ಪೇಟೆಯಲ್ಲಿ ಯಾವುದು ಸೋವಿಯೋ ಅದು. ತಿಂಗಳಿಗೆ ಬೇಕಾದ ನಾಲ್ಕು ಕ್ವಿಂಟಲನ್ನೂ ಒಮ್ಮೆಲೇ ಬೀಸಿಸಿ ಮೇಲೆ ಪತ್ರಾಸಿನ ಖೋಲಿಯಲ್ಲಿ ಇಡುತ್ತಾನೆ. ತಿಂಗಳ ಕೊನೆಯ ಹತ್ತು ದಿವಸ ಹಿಟ್ಟು ಕಹಿ ಬರುತ್ತದೆ. ರೊಟ್ಟಿ ಏಳಲಿ ಅಂತ ಈಕೆ ಒಂದು ಹಿಡಿ ಮೈದಾ ಬೆರೆಸುತ್ತಾಳೆ. ಅದರಿಂದ ಬಡಿಯಲು ಸುಲಭ, ಆದರೆ ಆರಿದ ಮೇಲೆ ಚರ್ಮದ ಹಾಗೆ. ಮಧ್ಯಾಹ್ನ ಮಾಡಿ ಉಳಿದದ್ದನ್ನು ರಾತ್ರಿ ಹಂಚಿನ ಮೇಲೆ ಬಿಸಿ ಮಾಡಿ ಕೊಡುತ್ತಾರೆ. ನಮಗೆ ಬಂದದ್ದು ಅದು.

ಆಕೆಯ ಕೂಲಿ ಒಂದು ರೊಟ್ಟಿಗೆ 2 ರೂಪಾಯಿ. ಒಡೆದ ರೊಟ್ಟಿ ಲೆಕ್ಕಕ್ಕಿಲ್ಲ. 'ಇಪ್ಪತ್ತಕ್ಕ ಮೂರು ನಾಕು ಒಡೀತಾವ್ರೀ. ಹಿಟ್ಟು ಅವರದು, ಬೈಸಿಕೊಳ್ಳಾಕಿ ನಾನು.'

ಇಲ್ಲಿ ಸ್ವಲ್ಪ ಜೋಳದ ವಿಷಯ ಹೇಳಬೇಕು. ತೋಟದ ಕಡೆಯ ಓದುಗರಿಗೆ ಇದು ಹೊಸದಿರಬಹುದು. ಗೋಧಿ ಹಿಟ್ಟಿನಲ್ಲಿ ಗ್ಲೂಟೆನ್ ಅನ್ನುವ ಅಂಟು ಇದೆ, ತಣ್ಣೀರಲ್ಲಿ ಕಲಸಿದರೂ ಎಳೆದಷ್ಟು ಬರುತ್ತದೆ. ಜೋಳದಲ್ಲಿ ಅದು ಇಲ್ಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹಾಕುತ್ತಾರೆ. ಹಿಟ್ಟು ಅಲ್ಲೇ ಅರೆಬೆಂದು ಜಿಗಿ ಬಿಡುತ್ತದೆ. ಆಮೇಲೆ ಅಂಗೈ ಬುಡದಿಂದ ನಾದಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಇಷ್ಟು ಸರಿಯಾದರೆ ರೊಟ್ಟಿ ಉಬ್ಬುತ್ತದೆ.

ಆದರೆ ಎಸರು ಎಷ್ಟು ಕುದ್ದರೂ ಕಾಳಿನಲ್ಲಿ ಗುಣ ಇಲ್ಲದಿದ್ದರೆ ನಡೆಯುವುದಿಲ್ಲ. ಹಿಂಗಾರಿ ಜೋಳ ಮಳೆ ನಿಂತ ಮೇಲೆ, ಮಣ್ಣಿನ ಹಸಿಯಲ್ಲೇ ಬೆಳೆದು, ಒಣ ಹವೆಯಲ್ಲಿ ಮಾಗುತ್ತದೆ. ಕಾಳು ಮುತ್ತಿನ ಹಾಗೆ ಬೆಳ್ಳಗೆ. ಮುಂಗಾರಿ ಹೈಬ್ರಿಡ್ ಕಾಳು ಕಟ್ಟುವ ಹೊತ್ತಿಗೆ ಮಳೆ ಹಿಡಿದರೆ ಬೂಸಲು ಬಂದು ಕಪ್ಪಾಗುತ್ತದೆ. ನಾನು ಹೈಬ್ರಿಡ್ಡಿನ ವೈರಿ ಅಲ್ಲ. 1964ರಲ್ಲಿ ಸಿಎಸ್‌ಎಚ್-1 ಬಂದಾಗಿನಿಂದ ಆ ಜೋಳ ಎಷ್ಟೋ ಬಡವರ ಹೊಟ್ಟೆ ತುಂಬಿಸಿದೆ, ದನ ಕೋಳಿಗೂ ಆಗಿದೆ. ರೊಟ್ಟಿಗೆ ಮಾತ್ರ ನಮ್ಮ ಕಡೆ ಇವತ್ತಿಗೂ ಮಾಲದಂಡಿಯೇ ಬೇಕು ಅಂತಾರೆ. ಅದರ ಎಂ 35-1 ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಡತಳಿಯಿಂದ ಆರಿಸಿ ತೆಗೆದದ್ದು. ಅಷ್ಟು ಹಳೇ ಬೀಜ ಇನ್ನೂ ಹೊಲದಲ್ಲಿ ಉಳಿದಿದೆ ಅಂದರೆ ರೊಟ್ಟಿಯ ರುಚಿಯೂ ಒಂದು ಕಾರಣ, ಕಣಿಕೆ ಇನ್ನೊಂದು. ನಮ್ಮ ಎತ್ತುಗಳಿಗೆ ಅದರ ಕಣಿಕೆ ಮುಂದೆ ಬೇರೆಯದು ಬೇಡ. ನಮ್ಮ ಗಡಿಯಾಚೆಯ ಮಂಗಳವೇಢೆಯವರು 2016ರಲ್ಲಿ ತಮ್ಮ ಜೋಳಕ್ಕೆ ಭೌಗೋಳಿಕ ಗುರುತು ಪಡೆದಿದ್ದಾರೆ. ಮಣ್ಣು ಅಂಥದೇ, ಹವೆ ಅಂಥದೇ. ಡೋಣಿಯವರು ಗಾದೆ ಹೇಳುತ್ತಾ ಕುಳಿತಿದ್ದೇವೆ.

ಹಿಟ್ಟಿನ ಕಹಿಗೆ ಕಾರಣವೂ ಸರಳ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆ ಅಂಶ ಇದೆ. ಇಡೀ ಕಾಳು ಬೀಸುವುದರಿಂದ ಅದು ಹಿಟ್ಟಿನಲ್ಲೇ ಉಳಿಯುತ್ತದೆ, ಸೆಕೆಗೆ ಬೇಗ ಕೆಡುತ್ತದೆ. ಮನೆಯಲ್ಲಿ ನಾವು ವಾರಕ್ಕಿಂತ ಹೆಚ್ಚು ಹಿಟ್ಟು ಇಡುವುದಿಲ್ಲ. ಜೋಳಕ್ಕೆ ಜಿಗಿ ಕಡಿಮೆ ಇದ್ದ ವರ್ಷ ಬೀಸುವಾಗ ಒಂದಿಷ್ಟು ಉದ್ದಿನಬೇಳೆ ಸೇರಿಸುತ್ತಾರೆ.

80 ಪೈಸೆಯ ಲೆಕ್ಕ

ಮಾಲಕ ವಯಸ್ಸಿನಲ್ಲಿ ಸಣ್ಣವ, ಮಾತಿಗೆ ಒಳ್ಳೆಯವ. 'ಕಾಕಾ, ಗಿರಾಕಿ ರೊಟ್ಟಿ ನೋಡಿ ಬರಂಗಿಲ್ರಿ, ಪಲ್ಯಾ ನೋಡಿ ಬರ್ತಾರ. ಜೋಳ ಯಾವ್ದಾದ್ರೇನು?' ಅಂದ. ಒಳ್ಳೆ ಜೋಳ ತುಟ್ಟಿ, ಹೋಟೆಲಿಗೆ ಕಟ್ಟೋದಿಲ್ಲ ಅಂತ ಅವನ ವಾದ. ಅಲ್ಲೇ ಅವನ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು.

ಅವನ ಜೋಳ ಕಿಲೋಗೆ 24 ರೂಪಾಯಿ, ಬೀಸುವ ಕೂಲಿ 4, ಒಟ್ಟು 28. ಒಂದು ಕಿಲೋ ಹಿಟ್ಟಿಗೆ ಹದಿನೈದು ರೊಟ್ಟಿ ಅಂತ ಬಡಿಯುವಾಕಿಯೇ ಹೇಳಿದಳು. ಅಂದರೆ ಒಂದು ರೊಟ್ಟಿಯ ಹಿಟ್ಟಿಗೆ 1 ರೂಪಾಯಿ 87 ಪೈಸೆ. ನನ್ನ ಮಾಲದಂಡಿ 36ರಂತೆ ಕೊಟ್ಟರೆ ಬೀಸುವುದೂ ಸೇರಿ 40. ರೊಟ್ಟಿಗೆ 2 ರೂಪಾಯಿ 67 ಪೈಸೆ. ಫರಕು 80 ಪೈಸೆ. ತಾಟಿಗೆ ಎರಡು ರೊಟ್ಟಿ, 1 ರೂಪಾಯಿ 60 ಪೈಸೆ. 140 ರೂಪಾಯಿ ಊಟದಲ್ಲಿ ಈ 1 ರೂಪಾಯಿ 60 ಪೈಸೆ ಉಳಿಸಲು ಊಟದ ಹೆಸರನ್ನೇ ಕೆಡಿಸುತ್ತಿದ್ದಾನೆ. ಮೇಲೆ ಕೇಳಿದ ರೊಟ್ಟಿಗೆ ಅವನು 12 ರೂಪಾಯಿ ತೆಗೆದುಕೊಳ್ಳುತ್ತಾನೆ. ಗಟ್ಟಿ ರೊಟ್ಟಿಯನ್ನು ಮೇಲೆ ಕೇಳುವವರು ಯಾರು?

ಅವನನ್ನೊಬ್ಬನನ್ನೇ ದೂರಿದರೆ ನ್ಯಾಯ ಆಗುವುದಿಲ್ಲ. ಸರಕಾರದ ಬೆಂಬಲ ಬೆಲೆಯಲ್ಲೂ 2024-25ಕ್ಕೆ ಹೈಬ್ರಿಡ್ ಜೋಳ ಕ್ವಿಂಟಲಿಗೆ 3,371, ಮಾಲದಂಡಿ 3,421. 2025-26ಕ್ಕೆ 3,699 ಮತ್ತು 3,749. ಎರಡು ವರ್ಷವೂ ಫರಕು ಕ್ವಿಂಟಲಿಗೆ ಐವತ್ತೇ ರೂಪಾಯಿ. ಮುಂಗಾರಿ ಹೈಬ್ರಿಡ್ ಇಳುವರಿ ಎಷ್ಟು, ಬರೀ ಹಸಿ ನಂಬಿ ಬೆಳೆಯುವ ಹಿಂಗಾರಿ ಜೋಳದ್ದೆಷ್ಟು? ನನ್ನ ಐದು ಎಕರೆಯಲ್ಲಿ 2024-25ರಲ್ಲಿ ಬಂದದ್ದು 21 ಕ್ವಿಂಟಲ್. ಎಕರೆಗೆ ನಾಲ್ಕು ಚಿಲ್ಲರೆ. ಅದರಲ್ಲಿ ಮನೆಗೆ 6, ಬೀಜ, ಆಯಗಾರರು, ಬೀಗರು ಅಂತ ಒಂದು. ಸಾಲದ ಕಂತಿಗೆ ಅಂತ ಮಾರ್ಚಿನಲ್ಲಿ 9 ಕ್ವಿಂಟಲ್ ಪೇಟೆಗೆ ಒಯ್ದೆ. ಸಿಕ್ಕಿದ್ದು 3,150. ಬೆಂಬಲ ಬೆಲೆ ಕಾಗದದಲ್ಲಿತ್ತು. ಅಡತಿ ಅಂಗಡಿಯಲ್ಲಿ ಕಾಳು ಕೈಯಲ್ಲಿ ಹಿಡಿದು 'ಭಾರಿ ಜೋಳ' ಅಂತ ಹೊಗಳಿದರು, ರೇಟು ಮಾತ್ರ ಅಷ್ಟೇ. ಹಮಾಲಿ, ತೂಕ ಕಳೆದು ಬಂದದ್ದು ಇನ್ನೂ ಕಡಿಮೆ.

2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದರು. ಜೋಳವೂ ಅದರಲ್ಲಿ ಬಂತು. ಊರೂರಲ್ಲಿ ಮೇಳ ಆಯಿತು. ಅದರಿಂದ ಖಾನಾವಳಿಗಳ ಬೋರ್ಡು ದೊಡ್ಡದಾದದ್ದು ನಿಜ. ಪಟ್ಟಣದ ಜನ ಜೋಳ ಕೇಳಿಕೊಂಡು ಬರುತ್ತಾರೆ, ಇದೂ ನಿಜ. ಮೊದಲ ಸಲ ಬಂದವರಿಗೆ ಬೂದಿ ಬಣ್ಣದ ಕಹಿ ರೊಟ್ಟಿ ಕೊಟ್ಟರೆ ಅವರು ಎರಡನೇ ಸಲ ಚಪಾತಿ ಹೇಳುತ್ತಾರೆ. ಖಾನಾವಳಿಯವನಿಗೆ ಅದರಿಂದ ನಷ್ಟ ಇಲ್ಲ, ಚಪಾತಿಯೂ ಅವನದೇ. ಹೋಗುವುದು ಜೋಳ ಬೆಳೆಯುವವನ ಗಿರಾಕಿ.

ಅರ್ಧ ಕ್ವಿಂಟಲ್ ಕೊಟ್ಟು ನೋಡಿದೆ

ರಾಶಿ ಆದ ಮೇಲೆ ಮಾರ್ಚಿನಲ್ಲಿ ಅರ್ಧ ಕ್ವಿಂಟಲ್ ಒಯ್ದು ಅವನಲ್ಲಿ ಇಳಿಸಿದೆ. ಎರಡು ಕರಾರು: ವಾರಕ್ಕೊಮ್ಮೆ ಬೀಸಿಸಬೇಕು, ಮೈದಾ ಬೆರೆಸಬಾರದು. ರೊಕ್ಕ ಮುಂದಿನ ವಾರ ಕೊಡು, ಸರಿ ಅನಿಸದಿದ್ದರೆ ಕೊಡಬೇಡ ಅಂದೆ. ಅರ್ಧ ಕ್ವಿಂಟಲ್ ಅಂದರೆ 750 ರೊಟ್ಟಿ, ಅವನಿಗೆ ನಾಲ್ಕು ದಿವಸಕ್ಕೆ ಸ್ವಲ್ಪ ಕಡಿಮೆ.

ವಾರ ಬಿಟ್ಟು ಹೋದರೆ ಅವನ ಮುಖ ಬಿಗಿದಿತ್ತು. 'ಕಾಕಾ, ನಿಮ್ಮ ಜೋಳದಿಂದ ನನ್ನ ಪಲ್ಯಾ ಖರ್ಚ ಹೆಚ್ಚಾತು!' ಅಂದ. ರೊಟ್ಟಿ ಮೆತ್ತಗೆ ಬಂದದ್ದಕ್ಕೆ ಜನ ಮೂರನೇದು, ನಾಲ್ಕನೇದು ಕೇಳಿದ್ದಾರೆ. ರೊಟ್ಟಿಗೆ 12 ರೂಪಾಯಿ, ಸರಿ. ಆದರೆ ಪಲ್ಯ ಎಷ್ಟು ಸಲ ಕೇಳಿದರೂ ಬಿಟ್ಟಿ ಹಾಕುವ ಪದ್ಧತಿ ಅವನದು. ನನಗೆ ನಗು ತಡೆಯಲಿಲ್ಲ. ಜನ ಉಣ್ಣುತ್ತಾರೆ ಅಂತ ಖಾನಾವಳಿಯವನೇ ತಕರಾರು ಮಾಡಿದರೆ! ಕೊನೆಗೆ ಅವನೂ ನಕ್ಕ, ರೊಕ್ಕ ಕೊಟ್ಟ.

ಆಮೇಲೆ ಆದ ಒಪ್ಪಂದ ಇದು. ರಾತ್ರಿ ಊಟಕ್ಕೆ ಮತ್ತು ಭಾನುವಾರ ಇಡೀ ದಿನ ಮಾಲದಂಡಿ. ವಾರಕ್ಕೆ ಸುಮಾರು ಅರ್ಧ ಕ್ವಿಂಟಲ್, ತಿಂಗಳಿಗೆ 2 ಕ್ವಿಂಟಲ್. ಕಿಲೋಗೆ 36. ಉಳಿದ ಹೊತ್ತಿಗೆ ಅವನ ಹಳೇ ಜೋಳವೇ. ಪೂರ್ತಿ ಬದಲಾಯಿಸು ಅಂದರೆ ಒಪ್ಪಲಿಲ್ಲ. ನಾನೊಬ್ಬನೇ ಪೂರೈಸಲು ಆಗುವುದಿಲ್ಲ, ನನ್ನ ಹತ್ತಿರ ಉಳಿದದ್ದೇ ಐದು ಕ್ವಿಂಟಲ್. ಬದುವಿಗೆ ಬದು ಹತ್ತಿದ ಇನ್ನಿಬ್ಬರನ್ನು ಸೇರಿಸಿಕೊಂಡೆ. ಒಂದು ಅಂದಾಜು ಹೇಳುತ್ತೇನೆ: ದಿನಕ್ಕೆ ಇನ್ನೂರು ರೊಟ್ಟಿಯ ಒಂದು ಖಾನಾವಳಿಗೆ ವರ್ಷಕ್ಕೆ 48 ಕ್ವಿಂಟಲ್ ಬೇಕು. ನಮ್ಮ ಇಳುವರಿಯಲ್ಲಿ ಹನ್ನೊಂದು ಎಕರೆಗಿಂತ ಹೆಚ್ಚು ಹೊಲದ ಬೆಳೆ.

ಮಳೆಗಾಲದಲ್ಲಿ ಕೊಡಬೇಕಾದರೆ ಕಾಳು ಕಾಯುವುದೇ ಕೆಲಸ. ಹಿಂದೆ ಹಗೇವು ಇದ್ದವು, ಈಗ ನಮ್ಮೂರಲ್ಲಿ ಎಲ್ಲ ಮುಚ್ಚಿವೆ. ನಾನು ರಾಶಿ ಆದ ಮೇಲೆ ಮೂರು ದಿವಸ ಬಿಸಿಲು ಕೊಡುತ್ತೇನೆ. ಹಲ್ಲಲ್ಲಿ ಕಡಿದರೆ 'ಕಟ್' ಅನ್ನಬೇಕು. ಸಂಜೆ ಕಾಳು ಆರಿದ ಮೇಲೆಯೇ ಚೀಲ ತುಂಬುವುದು, ಬಿಸಿ ಇದ್ದಾಗ ತುಂಬಿದರೆ ಒಳಗೆ ಬೆವರುತ್ತದೆ. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಚೀಲದಲ್ಲಿ ಪದರ ಪದರ. ಚೀಲ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆ ಮೇಲೆ. ಖಾನಾವಳಿಗೆ ಕೊಡುವ ಮುನ್ನ ಜರಡಿ ಹಿಡಿದು ಕೊಡುತ್ತೇವೆ. ಒಂದು ಸಲ ಹುಳ ಕಂಡರೆ ನಮ್ಮ ಮಾತು ಮುಗಿಯಿತು.

ಲಾಭ ಎಷ್ಟು ಅಂತ ಕೇಳುತ್ತೀರಿ. ಪೇಟೆಗಿಂತ ಕ್ವಿಂಟಲಿಗೆ 450 ಹೆಚ್ಚು, ಹಮಾಲಿ ಇಲ್ಲ. ನನ್ನ ಐದು ಕ್ವಿಂಟಲಿಗೆ 2,250 ರೂಪಾಯಿ. ಇದರಿಂದ ಮನೆ ಕಟ್ಟಲಾಗುವುದಿಲ್ಲ. ರೊಕ್ಕ ಹದಿನೈದು ದಿವಸ ತಡವಾಗಿಯೇ ಬರುತ್ತದೆ. ನನ್ನ ಮಗ, 'ಕಾಲುವೆ ನೀರು ಬಂದವರು ಕಬ್ಬು ಹಚ್ಚಿದರು, ನಾವು ಜೋಳ ಹೊತ್ತು ಖಾನಾವಳಿ ತಿರುಗೋದೇನು?' ಅನ್ನುತ್ತಾನೆ. ಅವನ ಮಾತು ತೆಗೆದು ಹಾಕುವಂತಿಲ್ಲ. ಜೋಳ ಕೀಳುವ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೇಳಿದರೆ ತಲೆ ತಿರುಗುತ್ತದೆ. ಆದರೆ ನಮ್ಮ ಹೊಲಕ್ಕೆ ಕಾಲುವೆ ಇಲ್ಲ. ಸೆಪ್ಟೆಂಬರ್ ಮಳೆಯ ಹಸಿಯಲ್ಲಿ ಬೇರೆ ಏನು ಬೆಳೆದರೂ ಮನೆಗೆ ರೊಟ್ಟಿ, ಎತ್ತಿಗೆ ಕಣಿಕೆ ಎರಡೂ ಕೊಡುವುದಿಲ್ಲ. ಕಡ್ಲಿ ಬಿತ್ತಿದ ವರ್ಷ ಕಣಿಕೆಯನ್ನು ಕೊಂಡು ತಂದಿದ್ದೇನೆ.

ಹೆಚ್ಚು ಅನುಕೂಲ ಆದದ್ದು ರೊಟ್ಟಿ ಬಡಿಯುವಾಕಿಗೆ. ರಾತ್ರಿ ಹಿಟ್ಟಿನಲ್ಲಿ ಒಡೆಯುವುದು ಇಪ್ಪತ್ತಕ್ಕೆ ಒಂದು, ಕೆಲವು ದಿನ ಅದೂ ಇಲ್ಲ. ಮಧ್ಯಾಹ್ನಕ್ಕೂ ಇದೇ ಹಿಟ್ಟು ಕೊಡಿರಿ ಅಂತ ಮಾಲಕನ ಬೆನ್ನು ಹತ್ತಿದ್ದಾಳೆ. ನನಗಿಂತ ಆಕೆಯ ಮಾತು ಹೆಚ್ಚು ನಡೆಯಬಹುದು.

ಖಾನಾವಳಿಯಲ್ಲಿ ಉಣ್ಣಲು ಕೂತ ಓದುಗರು ರೊಟ್ಟಿ ಬಂದ ಕೂಡಲೇ ಅರ್ಧಕ್ಕೆ ಮಡಚಿ ನೋಡಬಹುದು. ಬಿಸಿ ರೊಟ್ಟಿ ಮಡಚಿದರೆ ಒಡೆಯಬಾರದು. ಖಡಕ್ ರೊಟ್ಟಿಯ ಮಾತು ಬೇರೆ, ಅದು ಒಣಗಿಸಿಯೇ ಮಾಡಿದ್ದು. ಯಾವ ಜೋಳ, ಯಾವಾಗ ಬೀಸಿದ್ದು ಅಂತ ಕೇಳಿರಿ. ಮಾಲಕನಿಗೆ ಗೊತ್ತಿಲ್ಲದಿದ್ದರೂ ಕೇಳಿದ ಮಾತು ಒಳಗೆ ಹೋಗುತ್ತದೆ. ಹಿಟ್ಟು ಕೊಳ್ಳುವವರು ಮೂಸಿ ಕೊಳ್ಳಿರಿ, ಸಾಧ್ಯವಾದರೆ ಕಾಳು ಕೊಂಡು ಬೀಸಿಸಿರಿ.

2025ರ ಹಿಂಗಾರಿಗೆ ಐದೂ ಎಕರೆ ಜೋಳವನ್ನೇ ಬಿತ್ತಿದ್ದೇನೆ, ಎಕರೆಗೆ ಮೂರು ಕಿಲೋ ಬೀಜದಂತೆ. ಬಿತ್ತನೆ ಮುಗಿಸಿ ಜೋಳ ಕೊಡಲು ಹೋದಾಗ ಮಾಲಕ ಹೊಸ ಮಾತು ತೆಗೆದ. ಯಾರೋ ಗಿರಾಕಿ ರೊಟ್ಟಿ ಜೊತೆ ಹಕ್ಕರಕಿ ಕೇಳಿದರಂತೆ. ದಿನಕ್ಕೆ ನಾಲ್ಕು ಸಿವುಡು ಬೇಕು, ಎಷ್ಟಕ್ಕೆ ಕೊಡುತ್ತೀರಿ ಅಂದ. ಕಸ ಅಂತ ಕಿತ್ತು ಎಸೆಯುವುದಕ್ಕೆ ಏನು ರೇಟು ಹೇಳಲಿ? ಮನೆಯಾಕಿಯನ್ನು ಕೇಳಿ ಹೇಳುತ್ತೇನೆ, ಮೊದಲು ಹೊಲದಲ್ಲಿ ಹುಟ್ಟಲಿ ಅಂತ ಹೇಳಿ ಬಂದೆ.